ರಿಪೋರ್ಟಿನಲ್ಲಿ ಕಾಣದ ನೋವು

ನನ್ನ ಓರಗಿತ್ತಿ ಮದುವೆ, ಮುಂಜಿಗೆ ಬರುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಬಸ್ಸು ಹತ್ತಬೇಕೆಂದರೆ ಬೆಳಗಿನ ಐದಕ್ಕೇ ಹೊಟ್ಟೆ ಹಿಂಡಿ ನಾಲ್ಕು ಸಲ ಟಾಯ್ಲೆಟ್ಟಿಗೆ ಓಡುತ್ತಿದ್ದಳು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಆಯಿತು, ಎಲ್ಲವೂ ನಾರ್ಮಲ್. "ಏನೂ ಇಲ್ಲವಂತೆ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ" ಎಂದೆ. ಧೈರ್ಯ ಹೇಳಿದೆನೆಂದೇ ನನ್ನ ಭಾವನೆ. ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, "ಅಕ್ಕಾ, ರಿಪೋರ್ಟಿನಲ್ಲಿ ಏನಾದರೂ ಬಂದಿದ್ದರೆ ಚೆನ್ನಾಗಿತ್ತು" ಎಂದಳು.

ರೋಗವಿರಲಿ ಎಂದು ಒಬ್ಬ ಹೆಂಗಸು ಬಯಸುವಂತೆ ಮಾಡಿದವರು ಯಾರು? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮುಂದೆ ಇನ್ನೊಬ್ಬ ವೈದ್ಯರು ಅದಕ್ಕೆ ಹೆಸರು ಹೇಳಿದರು: ಇರಿಟಬಲ್ ಬವೆಲ್ ಸಿಂಡ್ರೋಮ್. ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ಅವು ಮೆದುಳಿನೊಡನೆ ಸದಾ ಸಂಪರ್ಕದಲ್ಲಿರುತ್ತವೆ. ಈ ಕಾಯಿಲೆಯಲ್ಲಿ ಆ ಸಂಪರ್ಕ ಹದಗೆಡುತ್ತದೆ. ಬೇರೆಯವರ ಗಮನಕ್ಕೇ ಬಾರದ ಸಣ್ಣ ಸೆಳೆತ ಇವರಿಗೆ ನೋವಾಗುತ್ತದೆ. ಹುಣ್ಣಿಲ್ಲ, ಗಡ್ಡೆಯಿಲ್ಲ, ಆದ್ದರಿಂದ ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವರದಿಯಂತೆ, ಇಂಥ ರೋಗಿಗಳಲ್ಲಿ 100ಕ್ಕೆ ಸುಮಾರು 39 ಮಂದಿಗೆ ಆತಂಕದ, 29 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಮನಸ್ಸು ಮೊದಲೋ ಹೊಟ್ಟೆ ಮೊದಲೋ? ಆಸ್ಟ್ರೇಲಿಯಾದಲ್ಲಿ 12 ವರ್ಷ ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಎರಡೂ ಉಂಟು ಎನ್ನುತ್ತದೆ: ಆತಂಕವಿದ್ದವರಿಗೆ ಮುಂದೆ ಹೊಟ್ಟೆಯ ತೊಂದರೆ, ಹೊಟ್ಟೆಯ ತೊಂದರೆಯಿದ್ದವರಿಗೆ ಮುಂದೆ ಆತಂಕ.

ಅಂದರೆ ನಾನು ಹೇಳಿದ್ದು ಅರ್ಧ ನಿಜ. ಮನಸ್ಸಿಗೂ ಅದರಲ್ಲಿ ಪಾಲಿತ್ತು. ಆದರೆ "ಮನಸ್ಸಿನದು" ಎಂಬುದನ್ನು "ಸುಳ್ಳು" ಎಂಬ ಅರ್ಥದಲ್ಲಿ ಹೇಳಿದ್ದೆ. ನಂಬಿಬಿಟ್ಟರೆ ಅವಳು ಹಾಸಿಗೆಯನ್ನೇ ಹಿಡಿದಾಳು ಎಂಬ ಭಯ ನನಗಿತ್ತು. ಆದದ್ದು ಬೇರೆ. ಮನೋವೈದ್ಯರಲ್ಲಿಗೆ ಹೋದರೆ ತಾನು ನಟಿಸುತ್ತಿದ್ದೆನೆಂದು ಒಪ್ಪಿಕೊಂಡಂತೆ ಎಂದು ಹೆದರಿ ಅವಳು ಹೋಗಿರಲೇ ಇಲ್ಲ. ನನ್ನ ಅಪನಂಬಿಕೆಯೇ ಔಷಧದ ಬಾಗಿಲನ್ನೂ ಮುಚ್ಚಿತ್ತು. ನಂಬಿದ ಮೇಲೆ ಹೋದಳು. ಪೂರ್ತಿ ವಾಸಿಯಾಗಿಲ್ಲ, ಆದರೆ ನಗುತ್ತಾಳೆ.

ಕಣ್ಣಿಗೆ ಕಾಣುವ ಗಾಯಕ್ಕೆ ಮರುಗಲು ದೊಡ್ಡ ಮನಸ್ಸೇನೂ ಬೇಡ. ಕಾಣದ್ದನ್ನು ಹೇಳಿದವರ ಮಾತಿನ ಮೇಲೆ ನಂಬುವುದೇ ಕಷ್ಟ. ಒಂದೇ ಮನೆಯಲ್ಲಿ ಬಾಳುವವರು ಒಬ್ಬರಿಗೊಬ್ಬರು ಅಷ್ಟನ್ನಾದರೂ ಕೊಡಬೇಕಲ್ಲವೇ?

ಹೋದ ತಿಂಗಳು ಸೀಮಂತಕ್ಕೆ ಹೊರಟಾಗ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು ನಾನೇ ಮೊದಲು ವಿಚಾರಿಸಿದೆ. ಪಕ್ಕದಲ್ಲಿ ಕೂತವಳಿಗೆ "ತಪ್ಪಾಯಿತು, ಹೊಟ್ಟೆಗೆ ಹಾಕಿಕೋ" ಎನ್ನಬೇಕೆಂದಿದ್ದೆ. ಬಾಯಿ ಬರಲಿಲ್ಲ. ಅವಳು ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡದ್ದೇ ಸಾಕಷ್ಟಿತ್ತು.