ಒಬ್ಬನೇ ಕೇಳುವ ಸಂಗೀತ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಯಾವುದಾದರೊಂದು ಊರಿನ ಒಬ್ಬ ಗೃಹಸ್ಥನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ತೊಗರಿಯ ರಾಶಿಯು ಮುಗಿದು, ಕೊಡಬೇಕಾದ ಸಾಲವು ತೀರಿ, ಕೈಯಲ್ಲಿ ಕೊಂಚ ಹಣವು ಉಳಿದಿದೆ. ಅವನಿಗೆ ಸಂಗೀತದಲ್ಲಿ ನಿಜವಾದ ಅಭಿರುಚಿಯುಂಟು. ದಿನದ ಕೆಲಸವೆಲ್ಲವೂ ತೀರಿದ ಮೇಲೆ ರಾತ್ರಿ ಒಂದು ತಾಸು ಕುಳಿತು ಮಲ್ಲಿಕಾರ್ಜುನ ಮನಸೂರರನ್ನೋ ಗಂಗೂಬಾಯಿ ಹಾನಗಲ್ಲರನ್ನೋ ಮನಃಪೂರ್ವಕವಾಗಿ ಕೇಳಬೇಕೆಂಬುದು ಅವನ ಬಹುದಿನದ ಆಸೆಯು. ಅದಕ್ಕಾಗಿ ಉತ್ತಮ ತರಗತಿಯ, ತಂತಿಯುಳ್ಳ ಹೆಡ್‌ಫೋನೊಂದನ್ನು ಕೊಳ್ಳಬೇಕೆಂದು ಯೋಚಿಸುತ್ತಾನೆ. ಬೆಲೆಯನ್ನು ವಿಚಾರಿಸಲಾಗಿ ಹತ್ತಾರು ಸಾವಿರ ರೂಪಾಯಿಗಳೆಂದು ತಿಳಿಯುತ್ತದೆ. ಆಗ ಅವನಲ್ಲಿ ಒಂದು ಶಂಕೆಯು ಏಳುತ್ತದೆ. ಮನೆಯಲ್ಲಿ ಐದಾರು ಜನರಿರುವಾಗ, ಒಬ್ಬನ ಎರಡು ಕಿವಿಗಳಿಗೆ ಮಾತ್ರ ಕೇಳಿಸುವ ವಸ್ತುವಿಗೆ ಇಷ್ಟು ಹಣವನ್ನು ವೆಚ್ಚಮಾಡುವುದು ಧರ್ಮವೇ?

ಈ ಶಂಕೆಯನ್ನು ನಕ್ಕು ತಳ್ಳಿಬಿಡುವಂತಿಲ್ಲ. ಏಕೆಂದರೆ ಈ ಸೀಮೆಯಲ್ಲಿ ಸಂಗೀತವು ಪರಂಪರೆಯಿಂದಲೂ ಜನರು ಕೂಡಿ ಕುಳಿತು ಅನುಭವಿಸಿದ ಸುಖವಾಗಿದೆ. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿ, ತಾಳ, ದಮ್ಮಡಿಗಳೊಡನೆ ಹಾಡುವಾಗ ಒಬ್ಬನು ಎತ್ತಿದ ನುಡಿಯನ್ನು ಉಳಿದವರು ಹಿಡಿಯುತ್ತಾರೆ. ಕೇಳುವವನೂ ಹಾಡುವವನೂ ಬೇರೆಯಾಗಿ ಉಳಿಯುವುದಿಲ್ಲ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಅಮರಜಾ ನದಿಗಳ ಸಂಗಮಕ್ಷೇತ್ರವಾದ ದೇವಲ ಗಾಣಗಾಪುರದಲ್ಲಿ ದತ್ತಭಜನೆಯು ಹತ್ತು ಜನರ ಕಂಠದಿಂದ ಹೊರಟಾಗಲೇ ಶೋಭಿಸುತ್ತದೆ. ಆಳಂದವು ಸೂಫಿ ಸಂತರಾದ ಲಾಡ್ಲೆ ಮಶಾಯಿಖರ ದರ್ಗಾ ಇರುವ ಊರು. ಸೂಫಿಗಳ ಗಾನಕೂಟಕ್ಕೆ ‘ಸಮಾ’ ಎಂದು ಹೆಸರು, ಆ ಶಬ್ದದ ಅರ್ಥವೂ ಶ್ರವಣವೆಂದೇ. ಯಂತ್ರಗಳು ಬಂದ ಮೇಲೆಯೂ ಈ ರೂಢಿಯು ತಕ್ಷಣವೇ ತಪ್ಪಲಿಲ್ಲ. ಒಬ್ಬರ ಪಡಸಾಲೆಯಲ್ಲಿಟ್ಟ ಗ್ರಾಮಫೋನು ಓಣಿಯವರಿಗೆಲ್ಲ ಹಾಡುತ್ತಿದ್ದಿತು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರವು ಪ್ರಾರಂಭವಾದಾಗಲೂ, ರೇಡಿಯೋ ಇದ್ದ ಮನೆಯ ಕಟ್ಟೆಯು ನೆರೆಯವರಿಗೆ ನಿಷಿದ್ಧವಾಗಿರಲಿಲ್ಲ. ವೆಚ್ಚವು ಒಬ್ಬನದು, ಸುಖವು ಹತ್ತು ಜನರದು ಎಂಬುದೇ ಆ ಕಾಲದ ರೀತಿಯಾಗಿದ್ದಿತು. ಹೆಡ್‌ಫೋನಿನಲ್ಲಾದರೋ ವೆಚ್ಚವೂ ಒಬ್ಬನದು, ಸುಖವೂ ಒಬ್ಬನದೇ. ಆದಕಾರಣ ಇದು ಸ್ವಾರ್ಥವೆಂದು ಪೂರ್ವಪಕ್ಷವು.

ಆದರೆ ಏಕಾಂತದಲ್ಲಿ ಅನುಭವಿಸುವುದೆಲ್ಲವೂ ಸ್ವಾರ್ಥವೆಂದರೆ ಗ್ರಂಥವನ್ನು ಮೌನವಾಗಿ ಓದುವುದೂ ಸ್ವಾರ್ಥವಾಗಬೇಕಾಗುವುದು. ಒಂದು ಕಾಲಕ್ಕೆ ಕಾವ್ಯಪುರಾಣಗಳನ್ನು ಒಬ್ಬನು ವಾಚನ ಮಾಡುತ್ತಿದ್ದನು, ಊರು ಕೇಳುತ್ತಿದ್ದಿತು. ಅನಂತರ ಅಚ್ಚಿನ ಪುಸ್ತಕವು ಮನೆಮನೆಗೂ ಬಂದು, ಪ್ರತಿಯೊಬ್ಬನೂ ತನ್ನಷ್ಟಕ್ಕೆ ಓದುವಂತಾಯಿತು. ಅದರಿಂದ ಪುರಾಣದ ಕಟ್ಟೆಯು ಬರಿದಾದುದು ನಿಜವೇ. ಆದರೂ ಒಂದು ಪದ್ಯದ ಬಳಿಯಲ್ಲಿ ನಿಂತು, ಹಿಂತಿರುಗಿ, ಪುನಃ ಓದಿ, ಅರ್ಥವನ್ನು ತೂಗಿ ನೋಡುವ ಅಭ್ಯಾಸವು ಏಕಾಂತದ ಓದಿನಿಂದಲೇ ಬೆಳೆಯಿತೆಂಬುದನ್ನು ಅಲ್ಲಗಳೆಯಲಾಗದು. ಸಂಗೀತದಲ್ಲಿಯೂ ಹಾಗೆಯೇ. ಸಭೆಯಲ್ಲಿ ಗಾಯಕನು ಮುಂದೆ ಸಾಗಿಬಿಡುತ್ತಾನೆ; ಏಕಾಂತದಲ್ಲಿ ಒಂದು ಆಲಾಪವನ್ನು ಹತ್ತು ಸಲ ಕೇಳಿ, ರಾಗದ ನಡೆಯನ್ನು ಅರಿಯಬಹುದು. ಉಪನಿಷತ್ತು ಶ್ರವಣದ ತರುವಾಯ ಮನನವನ್ನೂ ನಿದಿಧ್ಯಾಸನವನ್ನೂ ವಿಧಿಸಿರುವುದು ಆತ್ಮವಿದ್ಯೆಯ ವಿಷಯದಲ್ಲಾದರೂ, ಆ ಕ್ರಮವು ಇತರ ವಿದ್ಯೆಗಳಿಗೂ ಒಪ್ಪುತ್ತದೆ. ಮನನಕ್ಕೆ ಏಕಾಂತವು ಬೇಕು.

ಕಿವಿಗೆ ಧರಿಸುವ ಈ ಯಂತ್ರವು ತೀರ ಹೊಸತೂ ಅಲ್ಲ. 1910ರಲ್ಲಿ ಅಮೇರಿಕದ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತನು ನಿರ್ಮಿಸಿದ ಜೋಡಿ ಕಿವಿಯ ಯಂತ್ರವನ್ನು ಆ ದೇಶದ ನೌಕಾದಳವು ತಂತಿಯಿಲ್ಲದ ವಾರ್ತೆಗಳನ್ನು ಕೇಳುವುದಕ್ಕಾಗಿ ತರಿಸಿಕೊಂಡಿತು. 1958ರಲ್ಲಿ ಜಾನ್ ಕಾಸ್ ಎಂಬಾತನು ಸಂಗೀತವನ್ನು ಕೇಳುವುದಕ್ಕಾಗಿಯೇ ಸ್ಟೀರಿಯೋ ಹೆಡ್‌ಫೋನನ್ನು ಹೊರತಂದನು. ನೌಕಾದಳದವನು ಆಲಿಸಿದುದು ಕರ್ತವ್ಯಕ್ಕಾಗಿ, ಈಗಿನವನು ಆಲಿಸುವುದು ರಸಕ್ಕಾಗಿ ಎಂಬುದಷ್ಟೇ ಭೇದವು. ಇಬ್ಬರಿಗೂ ಬೇಕಾದ ಗುಣವಾದರೋ ಒಂದೇ, ಅವಧಾನವು.

ಈ ಅವಧಾನವು ಕ್ರಯಕ್ಕೆ ದೊರೆಯುವುದಿಲ್ಲವೆಂಬುದೇ ಇಲ್ಲಿಯ ಮುಖ್ಯ ವಿಷಯವು. ನೈಯಾಯಿಕರ ಮತದಲ್ಲಿ ಶ್ರೋತ್ರೇಂದ್ರಿಯವೆಂದರೆ ಕಿವಿಯ ಕುಹರದಿಂದ ಪರಿಚ್ಛಿನ್ನವಾದ ಆಕಾಶವು. ಆದರೆ ಇಂದ್ರಿಯದೊಡನೆ ಮನಸ್ಸಿನ ಸಂಯೋಗವಾಗದೆ ಜ್ಞಾನವು ಹುಟ್ಟದು. ಮನಸ್ಸು ಬೇರೆಡೆಯಲ್ಲಿದ್ದವನು ಕೇಳಿಯೂ ಕೇಳಲಿಲ್ಲವೆನ್ನುತ್ತಾನೆಂದು ಬೃಹದಾರಣ್ಯಕವೂ ತಿಳಿಸುತ್ತದೆ. ಶಬ್ದವು ಗಾಳಿಯ ಕಂಪನವೆಂದು ಇಂದಿನ ಭೌತವಿಜ್ಞಾನವು ಹೇಳುವುದಾದರೂ, ಮನಸ್ಸಿನ ವಿಷಯದಲ್ಲಿ ಎರಡು ಮತಗಳಿಲ್ಲ. ಹೆಡ್‌ಫೋನು ಕಂಪನವನ್ನು ಕಿವಿಯ ಬಾಗಿಲಿಗೆ ತಂದು ಬಿಡುತ್ತದೆ. ಒಳಗೆ ಕರೆದುಕೊಳ್ಳಬೇಕಾದವನು ಕೇಳುಗನೇ.

ಇದಕ್ಕೆ ಕನ್ನಡನಾಡಿನಲ್ಲಿಯೇ ಪ್ರಸಿದ್ಧವಾದ ದೃಷ್ಟಾಂತವೊಂದುಂಟು. 1922ರಲ್ಲಿ ಜನಿಸಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿಯೊಂದರ ಧ್ವನಿಮುದ್ರಿಕೆಯನ್ನು ಕೇಳಿದರು. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷಗಳ ಹಾಡು. ಮುಳ್ಳಿನ ಕರಕರ ಸದ್ದು ಹಾಡಿನೊಡನೆಯೇ ಬರುತ್ತಿದ್ದಿತು. ಮಂದ್ರದ ಗಾಂಭೀರ್ಯವೂ ತಾರದ ಸೂಕ್ಷ್ಮವೂ ಎಷ್ಟೋ ಅಂಶದಲ್ಲಿ ಲೋಪವಾಗುತ್ತಿದ್ದುವು. ಆದರೂ ಆ ಬಾಲಕನು ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನರಸಿ ಮನೆಯನ್ನು ಬಿಟ್ಟು ಹೊರಟನು. ಇಂದು ಲಕ್ಷ ರೂಪಾಯಿಯ ಯಂತ್ರವನ್ನು ತಲೆಗೆ ಧರಿಸಿದವನು ಆ ತಟ್ಟೆಯಲ್ಲಿ ಆ ಬಾಲಕನಿಗೆ ಕೇಳಿಸಿದುದಕ್ಕಿಂತ ಹೆಚ್ಚನ್ನು ಕೇಳುತ್ತಾನೆಂದು ಯಾರು ಹೇಳಬಲ್ಲರು?

ಹಾಗಾದರೆ ಉತ್ತಮ ಯಂತ್ರವೇ ಬೇಡವೆಂದಾಗುವುದೋ ಎಂದರೆ, ಅದೂ ಸರಿಯಲ್ಲ. ಆ ತಟ್ಟೆಯು ಬಾಲಕನಲ್ಲಿ ಹಂಬಲವನ್ನು ಹುಟ್ಟಿಸಿತು. ವಿದ್ಯೆಯು ಬಂದುದು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸನ್ನಿಧಿಯಲ್ಲಿ, ತಂಬೂರಿಯ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಕೇಳಿದಾಗ. ಗುರುಸನ್ನಿಧಿಯಿಲ್ಲದ ಸಾಮಾನ್ಯ ಕೇಳುಗನಿಗೆ ತಂಬೂರಿಯ ಜೀವಾಳಿಯೂ, ಡಗ್ಗೆಯ ಮೇಲೆ ಅಂಗೈ ಜಾರುವ ಮೀಂಡೂ, ಸ್ವರಕ್ಕೆ ಮುಂಚೆ ಗಾಯಕನು ಎಳೆದುಕೊಳ್ಳುವ ಉಸಿರೂ ಕೇಳಿಸಬೇಕಾದರೆ ಸತ್ಯವನ್ನು ನುಡಿಯುವ ಯಂತ್ರವೇ ಬೇಕು. ಇದ್ದುದನ್ನು ಇದ್ದಂತೆ ಹೇಳುವುದೇ ಹೆಡ್‌ಫೋನಿನ ಗುಣವು. ಮಂದ್ರವನ್ನು ಉಬ್ಬಿಸಿ, ತಾರವನ್ನು ಹೊಳೆಯಿಸಿ, ಕ್ಷಣಮಾತ್ರ ಬೆರಗುಗೊಳಿಸುವ ಯಂತ್ರವು ಮುಖಸ್ತುತಿ ಮಾಡುವ ಸ್ನೇಹಿತನಂತೆ. ಅದರ ಸಹವಾಸವು ಬೇಗನೆ ಬೇಸರವಾಗುತ್ತದೆ.

ಬೆಲೆಯನ್ನೇ ಈ ಗುಣಕ್ಕೆ ಅಳತೆಯೆಂದು ತಿಳಿಯುವುದು ತಪ್ಪು. 2017ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ 283 ಹೆಡ್‌ಫೋನುಗಳನ್ನು ಅಳೆದು ನೋಡಲಾಗಿ, ಮಂದ್ರದಿಂದ ತಾರದವರೆಗಿನ ಧ್ವನಿಗಳನ್ನು ಅವು ಹೊರಡಿಸುವ ಪ್ರಮಾಣಕ್ಕೂ ಅವುಗಳ ಬೆಲೆಗೂ ಯಾವ ಸಂಬಂಧವೂ ಕಂಡುಬರಲಿಲ್ಲ. ಇನ್ನು ಇತರರ ಮಾತನ್ನು ನಂಬಿ ಕೊಳ್ಳುವುದೆಂದರೆ, ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪಿದ ನ್ಯಾಯಶಾಸ್ತ್ರವು ಆಪ್ತನಾರೆಂಬುದನ್ನೂ ಹೇಳಿದೆ: ವಸ್ತುವನ್ನು ಇದ್ದಂತೆ ಕಂಡವನು, ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಮಾರಾಟದಲ್ಲಿ ಪಾಲುಳ್ಳವನು ಎಷ್ಟೇ ತಿಳಿದವನಾದರೂ ಈ ಎರಡನೆಯ ಲಕ್ಷಣದಲ್ಲಿ ಸಂದೇಹಕ್ಕೆ ಎಡೆಯುಂಟು. ಧರಿಸಿ ಪರೀಕ್ಷಿಸಲು ಅನುವು ಕೊಡುವ ಅಂಗಡಿಗಳು ಬಹುತೇಕ ಮಹಾನಗರಗಳಲ್ಲಿಯೇ ಇರುವುದರಿಂದ, ಈ ತಾಲ್ಲೂಕುಗಳವನು ಹೈದರಾಬಾದಿಗೋ ಬೆಂಗಳೂರಿಗೋ ಹೋದಾಗ ತಾನು ಬಾಯಿಪಾಠವಾಗುವಷ್ಟು ಕೇಳಿರುವ ಒಂದೆರಡು ಮುದ್ರಿಕೆಗಳನ್ನು ಸಂಗಡ ಒಯ್ಯುವುದು ಲೇಸು. ಎರಡು ಯಂತ್ರಗಳನ್ನು ಹೋಲಿಸುವಾಗ ಧ್ವನಿಯ ಮಟ್ಟವು ಸಮನಾಗಿರಬೇಕು. ಗಟ್ಟಿಯಾಗಿ ನುಡಿದುದೇ ಉತ್ತಮವೆಂದು ಕಿವಿಯು ಭ್ರಮಿಸುವುದು ಸಹಜ. ಕೆಲವು ಯಂತ್ರಗಳ ವಿದ್ಯುತ್‌ಪ್ರತಿರೋಧವು 300 ಓಮಿನಷ್ಟು ಇರುತ್ತದೆ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್.ಡಿ. 600 ಅಂಥದು. ಅಂಥವುಗಳಿಗೆ ಮೊಬೈಲಿನ ಶಕ್ತಿಯು ಸಾಲದೆ ಹೋಗಬಹುದಾದುದರಿಂದ ಆಂಪ್ಲಿಫೈಯರಿನ ವೆಚ್ಚವನ್ನೂ ಮೊದಲೇ ಎಣಿಸಿರಬೇಕು. ತಂತಿಯಿಲ್ಲದವುಗಳು ಬಹುಮಟ್ಟಿಗೆ ಧ್ವನಿಯನ್ನು ಸಂಕೋಚಿಸಿ, ಕೆಲವು ಅಂಶಗಳನ್ನು ಬಿಟ್ಟು ಸಾಗಿಸುತ್ತವೆ. ಅವುಗಳ ಬ್ಯಾಟರಿಯೂ ಕೆಲವು ವರ್ಷಗಳಲ್ಲಿ ಸೋಲುತ್ತದೆ. ತಂತಿಯಾದರೆ ಹರಿದಾಗ ಬದಲಿಸಬಹುದು, ಕಿವಿಯ ಮೆತ್ತೆಯು ಸವೆದಾಗ ಹೊಸತನ್ನು ಹಾಕಬಹುದು. ಒಂದೇ ವಸ್ತುವನ್ನು ಇಪ್ಪತ್ತು ವರ್ಷ ಬಾಳಿಸುವುದು ಗೃಹಸ್ಥನಿಗೆ ಒಪ್ಪುವ ಮಿತವ್ಯಯವು.

ಯಂತ್ರದ ರಚನೆಯಲ್ಲಿ ಇನ್ನೊಂದು ಭೇದವುಂಟು. ಧರ್ಮವಿಚಾರಕ್ಕೆ ಅದೇ ಹೆಚ್ಚು ಸಂಬಂಧಪಟ್ಟುದು. ಹೆಡ್‌ಫೋನುಗಳಲ್ಲಿ ಹಿಂಬದಿಯು ಮುಚ್ಚಿದವು, ತೆರೆದವು ಎಂದು ಎರಡು ಬಗೆ. ಮುಚ್ಚಿದುದು ಹೊರಗಿನ ಸದ್ದನ್ನು ತಡೆಯುತ್ತದೆ, ಒಳಗಿನದನ್ನು ಹೊರಬಿಡದು. ತೆರೆದುದರಲ್ಲಿ ಗಾಳಿಯು ಸಲೀಸಾಗಿ ಆಡುವುದರಿಂದ ಹಾಡು ತಲೆಯೊಳಗೆ ಸೆರೆಯಾದಂತೆ ತೋರದೆ ವಿಶಾಲವಾಗಿ ಕೇಳಿಸುತ್ತದೆ; ಆದರೆ ಹೊರಗಿನ ಸದ್ದೂ ಒಳಗೆ ಬರುತ್ತದೆ. 1968ರ ಸೆನ್‌ಹೈಸರ್ ಎಚ್.ಡಿ. 414 ಈ ಬಗೆಗೆ ನಾಂದಿ ಹಾಡಿತು. ಹೊರಗಿನ ಸದ್ದು ಬರುವುದನ್ನು ಎಲ್ಲರೂ ದೋಷವೆಂದು ಎಣಿಸುತ್ತಾರೆ. ಆದರೆ ಗೃಹಸ್ಥನ ಪಾಲಿಗೆ ಅದು ದೋಷವೇ ಎಂಬುದನ್ನು ವಿಚಾರಿಸಬೇಕು. ಮುಚ್ಚಿದುದು ಸಂನ್ಯಾಸಿಯ ಏಕಾಂತ, ಅವನನ್ನು ಕರೆಯುವವರಿಲ್ಲ. ಗೃಹಸ್ಥನಿಗಾದರೆ ನಡುಮನೆಯಲ್ಲಿ ವೃದ್ಧಮಾತೆಯು ನೀರಿಗಾಗಿ ಕರೆಯಬಹುದು, ತೊಟ್ಟಿಲ ಕೂಸು ಎದ್ದು ಅಳಬಹುದು, ಬಾಗಿಲಲ್ಲಿ ನೆರೆಯವನು ಕೂಗಬಹುದು. ಈ ಕರೆಗಳು ಕೇಳಿಸಬಹುದಾದ ಏಕಾಂತವೇ ಅವನ ಆಶ್ರಮಕ್ಕೆ ಉಚಿತವಾದುದು. ರೋಗಿಯೋ ಪರೀಕ್ಷೆಗೆ ಓದುವ ಮಗಳೋ ಪಕ್ಕದಲ್ಲಿದ್ದರೆ, ಅವರಿಗೆ ತೊಂದರೆಯಾಗದಂತೆ ಮುಚ್ಚಿದುದನ್ನು ಬಳಸುವುದೇ ಧರ್ಮ. ಎರಡು ಸಂದರ್ಭಗಳಲ್ಲಿಯೂ ಆಯ್ಕೆಯನ್ನು ನಿರ್ಣಯಿಸತಕ್ಕದ್ದು ಮನೆಯ ಜನರ ಹಿತವು.

ಮಿತಿಯನ್ನರಿಯದ ಕೇಳುವಿಕೆಯು ಕೇಳುವ ಇಂದ್ರಿಯವನ್ನೇ ತಿನ್ನುತ್ತದೆ. 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ತಾಸಿಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಧ್ವನಿಯು ಏರಿದಂತೆ ಈ ಅವಧಿಯು ಶೀಘ್ರವಾಗಿ ಇಳಿಯುತ್ತದೆ. ಇದಕ್ಕಿಂತಲೂ ಸೂಕ್ಷ್ಮವಾದ ಹಾನಿಯೊಂದುಂಟು. ಕೊಂಡವನ ಮನಸ್ಸು ಕ್ರಮೇಣ ರಾಗವನ್ನು ಬಿಟ್ಟು ಯಂತ್ರದ ಮೇಲೆ ಕುಳಿತುಕೊಳ್ಳುತ್ತದೆ. ಭೈರವಿಯನ್ನು ಹಾಕುವುದು ಭೈರವಿಗಾಗಿ ಅಲ್ಲದೆ, ತಂಬೂರಿಯು ಎಷ್ಟು ಸ್ಪಷ್ಟವಾಗಿ ಕೇಳಿಸುವುದೆಂದು ನೋಡುವುದಕ್ಕಾಗಿ ಎಂದಾಗುತ್ತದೆ. ಇದಕ್ಕಿಂತ ಉತ್ತಮವಾದುದು ಇನ್ನೊಂದಿರಬಹುದೆಂಬ ಚಿಂತೆಯು ಹಾಡಿನ ನಡುವೆಯೇ ನುಸುಳುತ್ತದೆ. ಅಲ್ಲಿಗೆ ಸಾಧನವು ಸಾಧ್ಯದ ಪೀಠವನ್ನೇರಿತು. ಕೊಟ್ಟ ಹಣವು ವ್ಯರ್ಥವಾಯಿತು. ತಲೆಯ ಮೇಲೆ ಯಂತ್ರವಿದೆಯೆಂಬುದನ್ನು ಕೇಳುಗನು ಮರೆತ ಕ್ಷಣದಲ್ಲಿಯೇ ಅದು ತನ್ನ ಬೆಲೆಯನ್ನು ತೀರಿಸಿದಂತೆ.

ಇಷ್ಟರಿಂದ ಮೊದಲಿನ ಶಂಕೆಗೆ ಉತ್ತರವು ದೊರೆಯುತ್ತದೆ. ಮನೆಯ ಅವಶ್ಯಕತೆಗಳನ್ನು ತೀರಿಸಿ ಉಳಿದ ಹಣದಿಂದ, ತನ್ನ ಶಕ್ತಿಯನ್ನರಿತು, ನಿಜವಾದ ಅಭಿರುಚಿಯುಳ್ಳವನು ಹೆಡ್‌ಫೋನನ್ನು ಕೊಳ್ಳುವುದು ಅಧರ್ಮವಲ್ಲ. ಆದರೆ ಏಕಾಂತದಲ್ಲಿ ಪಡೆದುದು ಸಾಲದಂತಿರುವುದರಿಂದ ಅದನ್ನು ಕೂಟಕ್ಕೆ ಹಿಂತಿರುಗಿಸುವ ಹೊಣೆಯು ಅವನಿಗುಂಟು. ರಾತ್ರಿ ತಾನು ಕೇಳಿದ ಒಂದು ಪಲುಕಿನ ಸೊಗಸನ್ನು ಬೆಳಿಗ್ಗೆ ಮಗನಿಗೆ ತೋರಿಸಿಕೊಡಲಿ; ಯಂತ್ರವನ್ನು ಒಮ್ಮೆ ಹೆಂಡತಿಯ ಕೈಗೂ ಕೊಡಲಿ; ಊರಿನಲ್ಲಿ ಭಜನೆಯೋ ತತ್ತ್ವಪದವೋ ಸಂಗೀತ ಕಚೇರಿಯೋ ನಡೆದಾಗ, ಮನೆಯಲ್ಲಿ ಇದಕ್ಕಿಂತ ಸ್ವಚ್ಛವಾಗಿ ಕೇಳಿಸುತ್ತದೆಂದು ಉಳಿದುಬಿಡದೆ, ಹೋಗಿ ಚಾಪೆಯ ಮೇಲೆ ಕುಳಿತುಕೊಳ್ಳಲಿ. ಒಂದು ತಾಸಿನ ಶ್ರವಣದಿಂದ ಅವನ ಕಿವಿಯು ನಿಜವಾಗಿಯೂ ಪಳಗಿದ್ದರೆ, ಯಂತ್ರವನ್ನು ಕೆಳಗಿಳಿಸಿದ ಕೂಡಲೆ ನಡುಮನೆಯಿಂದ ತಾಯಿಯು ಕರೆದ ಕರೆಯು ಅವನಿಗೆ ನಿನ್ನೆಗಿಂತಲೂ ಬೇಗನೆ ಕೇಳಿಸಬೇಕು.