ಕೈ ತೆಗೆಯುವ ಹೊತ್ತು

ಸಕ್ಕರೆಗೆ ನೀರಿನ ಮೇಲಿರುವ ಮೋಹವನ್ನು ಮಳೆಗಾಲದ ಅಡುಗೆಮನೆಯಲ್ಲಿ ನೋಡಬೇಕು. ಡಬ್ಬಿಯ ಮುಚ್ಚಳ ಒಂದು ರಾತ್ರಿ ಸಡಿಲವಾಗಿದ್ದರೂ ಸಾಕು, ಬೆಳಿಗ್ಗೆ ಸಕ್ಕರೆ ಗಂಟುಗಟ್ಟಿರುತ್ತದೆ, ಬೆಲ್ಲದುಂಡೆ ಬೆವರಿರುತ್ತದೆ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಶ್ರಾವಣದ ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ, ನನ್ನ ಐವತ್ತಾರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಫಾಂಡೆಂಟ್ ಹೊದಿಸಿದ ಕೇಕನ್ನು ಫ್ರಿಜ್ಜಿನಿಂದ ಹೊರಗೆ ತೆಗೆದಿಟ್ಟು, ಹತ್ತೇ ನಿಮಿಷದಲ್ಲಿ ಅದರ ಮೈತುಂಬ ಸಾಸಿವೆಗಿಂತ ಸಣ್ಣ ಹನಿಗಳು ಮೂಡಿದ್ದನ್ನು ಕಂಡಾಗ, ನಾನು ಮೊದಲು ಮಾಡಿದ್ದು ಮೆತ್ತನೆಯ ಬಟ್ಟೆಯೊಂದನ್ನು ತಂದು ಒರೆಸಲು ಹೋದದ್ದು. ಒರೆಸಿದಲ್ಲೆಲ್ಲ ನುಣುಪು ಹೋಗಿ ಅಂಟು ಎದ್ದಿತು, ಬಟ್ಟೆಯ ನೂಲಿನ ಗುರುತು ಅದರ ಮೇಲೆ ಅಚ್ಚೊತ್ತಿತು. ಮಗಳು ಬಂದು ನೋಡಿದಳು. "ಮುಟ್ಟಬೇಡಮ್ಮ, ಫ್ಯಾನ್ ಹಾಕಿ ಹಾಗೇ ಬಿಡು. ತಾನೇ ಒಣಗತ್ತೆ" ಎಂದಳು. ಗಂಟೆಯೊಂದು ಕಳೆಯುವಷ್ಟರಲ್ಲಿ ನಾನು ಮುಟ್ಟದೆ ಉಳಿದಿದ್ದ ಭಾಗ ಒಣಗಿ ಮೊದಲಿನ ಹಾಗೇ ಆಯಿತು. ಮುಟ್ಟಿದ ಭಾಗ ಆಗಲಿಲ್ಲ.

ಆ ಎರಡೂ ಭಾಗಗಳು ಒಂದೇ ಕೇಕಿನ ಮೇಲೆ ಅಕ್ಕಪಕ್ಕದಲ್ಲಿದ್ದುದನ್ನು ನೋಡುತ್ತ ನಾನು ಬಹಳ ಹೊತ್ತು ಕೂತಿದ್ದೆ. ಅಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ.

ಕೇಕು ನನ್ನ ಅಮ್ಮನಿಗಾಗಿ. ಆಕೆಯ ಸಹಸ್ರ ಚಂದ್ರ ದರ್ಶನದ ಶಾಂತಿ ಅದೇ ವಾರ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನಕ್ಕಿಂತ ತುಸು ಹೆಚ್ಚೆಂದು ಲೆಕ್ಕ ಹಾಕಿದರೆ, 1000 ಹುಣ್ಣಿಮೆ ಕಾಣಲು ಸುಮಾರು 80 ವರ್ಷ 10 ತಿಂಗಳು ಬೇಕು. ಹೋಮ, ಅಭಿಷೇಕ, ಊಟ ಎಲ್ಲ ಬೆಳಿಗ್ಗೆಗೆ. ಸಂಜೆ ಮೊಮ್ಮಕ್ಕಳ ಸಂತೋಷಕ್ಕೆ ಬಿಳಿಯ, ದುಂಡಗಿನ, ಹುಣ್ಣಿಮೆ ಚಂದ್ರನಂಥ ಕೇಕೊಂದನ್ನು ನಾನೇ ಮಾಡುತ್ತೇನೆಂದು ಒಪ್ಪಿಕೊಂಡಿದ್ದೆ. ಮೊಟ್ಟೆಯಿಲ್ಲದ ಕೇಕು ಮಾಡುವುದು ನನಗೆ ರೂಢಿ. ಫಾಂಡೆಂಟ್ ಮಾತ್ರ ಹೊಸದು. ಸಾಮಾನ್ಯವಾಗಿ ಅದರಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಅಮ್ಮ ತಿನ್ನಬೇಕಲ್ಲ ಎಂದು ಹಸಿರು ಚುಕ್ಕೆ ಇರುವ ಪೊಟ್ಟಣವನ್ನೇ ಹುಡುಕಿ ತಂದೆವು.

ಪೊಟ್ಟಣ ಬಿಚ್ಚಿದಾಗ ಬಂದದ್ದು ಕಣಕದಂಥದೇ ಮುದ್ದೆ. ಪುಡಿ ಸಕ್ಕರೆ, ಗ್ಲೂಕೋಸ್ ಪಾಕ, ಒಂದಿಷ್ಟು ಗ್ಲಿಸರಿನ್, ಹಿಡಿದಿಡಲು ಗೋಂದು. ಹೋಳಿಗೆ ಮಾಡಿ ಪಳಗಿದ ಕೈಗೆ ಇದೇನು ಮಹಾ ಎನಿಸಿತು. ಆದರೆ ಕೈಗೆ ಮೊದಲೇ ಗೊತ್ತಿರುವ ವಿದ್ಯೆ ಹೊಸ ವಿದ್ಯೆಯ ದಾರಿಗೆ ಎಷ್ಟು ಅಡ್ಡ ನಿಲ್ಲುತ್ತದೆ! ಕಣಕವನ್ನು ನಾದಿದಷ್ಟೂ, ಎಣ್ಣೆಯಲ್ಲಿ ನೆನೆಸಿದಷ್ಟೂ ಅದಕ್ಕೆ ಜಿಗುಟು ಬರುತ್ತದೆ. ಎಳೆದರೆ ಬರುತ್ತದೆ, ಹರಿದರೆ ಚಿವುಟಿ ಕೂಡಿಸಿದರಾಯಿತು, ಹೂರಣ ಹೊರಗೆ ಇಣುಕಿದರೆ ಇನ್ನೊಂದು ಚೂರು ಹಿಟ್ಟು ಹಚ್ಚಬಹುದು. ಅದು ಕ್ಷಮಿಸುವ ಹಿಟ್ಟು. ಫಾಂಡೆಂಟಿನಲ್ಲಿ ಮೈದಾಹಿಟ್ಟಿನ ಆ ಜಿಗುಟೇ ಇಲ್ಲ, ಇರುವುದೆಲ್ಲ ಸಕ್ಕರೆ. ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಎಂಟು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಕೇಕನ್ನು ಮುಚ್ಚಲು ಹದಿನಾರು ಅಂಗುಲಕ್ಕೂ ತುಸು ಹೆಚ್ಚು ಅಗಲಕ್ಕೆ, ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು. ಲಟ್ಟಣಿಗೆಯ ಮೇಲೆ ಸುತ್ತಿ ಎತ್ತಿ, ಒಂದೇ ಸಲಕ್ಕೆ ಕೇಕಿನ ಮೇಲೆ ಬಿಡಬೇಕು. ಮೊದಲು ಮೇಲ್ಭಾಗವನ್ನು, ಆಮೇಲೆ ಅಂಚನ್ನು, ಕೊನೆಗೆ ಲಂಗದ ನೆರಿಗೆಯ ಹಾಗೆ ಮಡಿಸಿಕೊಳ್ಳುವ ಬದಿಯನ್ನು ಒಂದೊಂದಾಗಿ ಬಿಡಿಸುತ್ತ, ಅಂಗೈಯಿಂದ ಸವರಿ ಇಳಿಸಬೇಕು. ಇಷ್ಟನ್ನು ನಿಧಾನವಾಗಿ ಮಾಡುವಂತಿಲ್ಲ, ಗಾಳಿಗೆ ಅದು ಒಣಗುತ್ತದೆ. ಒಣಗಿದ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳ ಜಾಲ ಏಳುತ್ತದೆ. ಈ ಕೆಲಸ ಮಾಡುವವರು ಅದನ್ನು ಆನೆಚರ್ಮ ಎನ್ನುತ್ತಾರೆ. ಅವಸರವಾಗಿ ಮಾಡುವಂತೆಯೂ ಇಲ್ಲ.

ನನ್ನ ಮೊದಲ ಹೊದಿಕೆ ಅಂಚಿನಲ್ಲಿ ಹರಿಯಿತು. ಎರಡನೆಯದು ಕೂತಿತು, ಆದರೆ ಒಂದು ಕಡೆ ಗಾಳಿ ಸಿಕ್ಕಿಕೊಂಡು ಗುಳ್ಳೆ ಎದ್ದಿತ್ತು. ಸಣ್ಣ ಸೂಜಿಯಿಂದ ಓರೆಯಾಗಿ ಚುಚ್ಚಿ ಒಮ್ಮೆ ಸವರಿದರೆ ಮುಗಿಯುವ ಕೆಲಸವದು. ಮುಗಿದೂ ಇತ್ತು. ಆದರೆ ಸೂಜಿಯ ತೂತು ಕಾಣುತ್ತದಲ್ಲ ಎಂದು ಮತ್ತೆ ಸವರಿದೆ. ಸವರಿದ ಬೆರಳಿನ ಗುರುತು ಮೂಡಿತೆಂದು ಅದನ್ನು ಅಳಿಸಲು ಹೋದೆ, ಬೆರಳಿನ ಬಿಸಿಗೆ ಆ ಜಾಗ ತುಸು ತಗ್ಗಾಯಿತು. ತಗ್ಗನ್ನು ಸರಿಪಡಿಸಲು ಸುತ್ತಲಿನದನ್ನು ಒತ್ತಿದೆ. ಅರ್ಧ ಗಂಟೆಯ ಹಿಂದೆ ಸೂಜಿಮೊನೆಯಷ್ಟಿದ್ದ ದೋಷ ಈಗ ಎಂಟಾಣೆಯಷ್ಟು ಅಗಲವಾಗಿತ್ತು. ಅದರಲ್ಲಿ ಮೊದಲಿನ ದೋಷ ಎಲ್ಲೂ ಉಳಿದಿರಲಿಲ್ಲ. ಅಲ್ಲಿದ್ದದ್ದೆಲ್ಲ ನನ್ನ ಕಾಳಜಿಯ ಗುರುತುಗಳೇ.

ಕಾಳಜಿ ಎಂಬ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಆ ಹೊತ್ತಿನಲ್ಲಿ ನನ್ನ ಬೆರಳುಗಳಲ್ಲಿ ಇದ್ದದ್ದು ಪ್ರೀತಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರೀತಿಯ ಜೊತೆಗೆ ಇನ್ನೊಂದು ಇತ್ತು: ಸಣ್ಣದೊಂದು ಊನವನ್ನು ಕಣ್ಣೆದುರಿಗೆ ಇಟ್ಟುಕೊಂಡು ಸುಮ್ಮನೆ ಕೂರಲಾರದ ನನ್ನ ಅಸಹನೆ. ಎರಡೂ ಒಂದೇ ಕೈಯಿಂದ ಕೆಲಸ ಮಾಡುವಾಗ ಯಾವುದು ಯಾವುದೆಂದು ಕೈಗೆ ಹೇಗೆ ಗೊತ್ತಾಗಬೇಕು? ನಾವು ಯಾರದೋ ಬದುಕನ್ನು ತಿದ್ದಲು ಹೊರಟಾಗ, ಅವರ ಕಷ್ಟ ಕಳೆಯಲೆಂದು ಹೋಗುತ್ತೇವೆಯೋ, ಅವರ ಕಷ್ಟವನ್ನು ನೋಡಬೇಕಾದ ನಮ್ಮ ಕಷ್ಟವನ್ನು ಕಳೆದುಕೊಳ್ಳಲು ಹೋಗುತ್ತೇವೆಯೋ?

ಯಾವಾಗ ಕೈ ತೆಗೆಯಬೇಕೆಂಬ ವಿದ್ಯೆಯನ್ನು ಅಮ್ಮ ಚೆನ್ನಾಗಿ ಬಲ್ಲವಳು. ಪ್ರತಿ ಸಂಕ್ರಾಂತಿಗೆ ವಾರ ಮೊದಲೇ ಮನೆಯಲ್ಲಿ ಸಕ್ಕರೆ ಅಚ್ಚು ಹೊಯ್ಯುತ್ತಿದ್ದಳು. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಸೋಸಿ, ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕಾಯಿಸಿ, ಅದು ಬೆಳ್ಳಗಾಗುವವರೆಗೆ ತಿರುವಿ, ನೀರಿನಲ್ಲಿ ನೆನೆಸಿ ದಾರ ಕಟ್ಟಿಟ್ಟ ಮರದ ಅಚ್ಚುಗಳಿಗೆ ಸುರಿಯುವುದು. ಫಾಂಡೆಂಟ್ ಎಂಬ ಹೆಸರು ಬಂದದ್ದು ಕರಗು ಎಂಬರ್ಥದ ಫ್ರೆಂಚ್ ಮಾತಿನಿಂದ. ಮಿಠಾಯಿಗಾರರ ಹಳೆಯ ಫಾಂಡೆಂಟ್ ಕೂಡ ಪಾಕ ಕಾಯಿಸಿ, ಆರಿಸಿ, ಬೆಳ್ಳಗಾಗುವವರೆಗೆ ತಿರುವಿದ್ದೇ. ಅಲ್ಲಿ ಗ್ಲೂಕೋಸ್ ಸೇರಿ ಹರಳು ದೊಡ್ಡದಾಗಲು ಬಿಡುವುದಿಲ್ಲ, ಬೆಣ್ಣೆಯಂತೆ ನಯವಾಗುತ್ತದೆ; ನಮ್ಮ ಅಚ್ಚಿನಲ್ಲಿ ಹರಳು ಕಟ್ಟಿ ಗಟ್ಟಿಯಾಗುತ್ತದೆ. ಇದು ತಿಳಿದಾಗ, ನಾನು ಹೊಸದೆಂದು ಹೆದರಿದ್ದು ನಮ್ಮಮ್ಮನ ಒಲೆಯ ಮುಂದಿನ ಅಚ್ಚಿನದೇ ದೂರದ ನೆಂಟನೆನಿಸಿ ಸಮಾಧಾನವಾಯಿತು.

ಅಚ್ಚಿಗೆ ಸುರಿದ ಮೇಲೆ ಅಮ್ಮ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದಳು. ನಾವು ಮಕ್ಕಳು ಸುತ್ತ ಕೂತು ಆನೆಯೋ, ಗಿಳಿಯೋ, ಬೃಂದಾವನವೋ ಎಂದು ಕಾಯಲಾರದೆ ದಾರಕ್ಕೆ ಕೈ ಹಾಕುತ್ತಿದ್ದೆವು. ಬೇಗ ಬಿಚ್ಚಿದರೆ ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತಿತ್ತು. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಿಸಬಾರದು, ಇಡ್ಲಿ ಬೇಯುವಾಗ ಮುಚ್ಚಳ ತೆಗೆಯಬಾರದು, ಮಲಗಿದ ಮಗುವನ್ನು ಇಣುಕಿ ಇಣುಕಿ ನೋಡಬಾರದು ಎಂದು ಆಕೆ ಹೇಳುತ್ತಿದ್ದುದೆಲ್ಲ ಒಂದೇ ಪಾಠದ ಬೇರೆ ಬೇರೆ ಸಾಲುಗಳೆಂದು ಈಗ ಅನಿಸುತ್ತದೆ. ಒಂದು ಕೆಲಸದಲ್ಲಿ ನಮ್ಮ ಪಾಲು ಎಷ್ಟು, ಹೊತ್ತಿನ ಪಾಲು ಎಷ್ಟು ಎಂದು ಆಕೆಯ ತಲೆಮಾರಿನ ಹೆಂಗಸರಿಗೆ ಗೊತ್ತಿತ್ತು. ಹೊತ್ತಿನ ಪಾಲನ್ನೂ ನಾವೇ ಮಾಡಿಬಿಡುತ್ತೇವೆಂಬ ಹಟ ನಮಗೆ ಯಾವಾಗ ಬಂತೋ.

ಬೆಂಗಳೂರಿನಲ್ಲಿ 1970ರ ದಶಕದಿಂದಲೂ ವರ್ಷದ ಕೊನೆಗೆ ದೊಡ್ಡ ಕೇಕ್ ಪ್ರದರ್ಶನ ನಡೆಯುತ್ತದೆ. ಆಳೆತ್ತರದ ಸಕ್ಕರೆಯ ಕಟ್ಟಡಗಳನ್ನು ನೋಡಲು ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಲುಗಟ್ಟುತ್ತಾರೆ. ಅವುಗಳ ಕಿಟಕಿ, ಕಂಬ, ಕೆತ್ತನೆಗಳಲ್ಲಿ ನಾವು ಮೆಚ್ಚುವುದು ಕೈ ಮಾಡಿದ ಕೆಲಸವನ್ನು. ಇನ್ನು ಸಾಕೆಂದು ಆ ಕೈ ಎಲ್ಲೆಲ್ಲಿ ಹಿಂದೆ ಸರಿಯಿತೋ, ಅದು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ಈ ಎರಡು ವರ್ಷಗಳಿಂದ ಅಮ್ಮ ನಮ್ಮ ಜೊತೆಗಿದ್ದಾಳೆ. ಆಕೆ ಎದ್ದರೆ ನಾನು ಮೊಣಕೈ ಹಿಡಿಯುತ್ತೇನೆ. ಕಾಫಿ ಲೋಟ ಎತ್ತಿದರೆ ತಳಕ್ಕೆ ಕೈ ಕೊಡುತ್ತೇನೆ. ಹಳೆಯ ಕಥೆ ಹೇಳುತ್ತ ಸೋದರತ್ತೆಯ ಮದುವೆಯನ್ನು ಚಿಕ್ಕಮ್ಮನ ಮದುವೆಯೊಂದಿಗೆ ಬೆರೆಸಿದರೆ ನಡುವೆಯೇ ತಿದ್ದುತ್ತೇನೆ. ಆಕೆ "ಹೌದೇನೋ" ಎಂದು ನಿಲ್ಲಿಸುತ್ತಾಳೆ, ಕಥೆ ಮುಂದಕ್ಕೆ ಹೋಗುವುದಿಲ್ಲ. ಮದುವೆ ಯಾರದಾದರೇನು? ಆ ಕಥೆಯಲ್ಲಿ ಮಳೆ ಬಂದಿತ್ತು, ಚಪ್ಪರ ಕುಸಿದಿತ್ತು, ಹದಿನಾರರ ಹುಡುಗಿಯೊಬ್ಬಳು ತುಂಬಿದ ಹಳ್ಳ ದಾಟಿ ವೀಳ್ಯದೆಲೆ ತಂದಿದ್ದಳು. ನಾನು ಸರಿಪಡಿಸಿದ ಮೇಲೆ ಹೆಸರು ಸರಿಯಾಗಿ ಉಳಿಯಿತು, ಹುಡುಗಿ ಹಳ್ಳದ ಆಚೆಯೇ ಉಳಿದಳು. ಮಳೆಯ ಮಧ್ಯಾಹ್ನ ಆ ಕೇಕಿನ ಮುಂದೆ ಕೂತಾಗ ನನಗೆ ನೆನಪಾದದ್ದು ಇದು. ಅಮ್ಮನ ಮುಪ್ಪಿನ ಮೇಲೆ ನನ್ನ ಬೆರಳಿನ ಗುರುತುಗಳು ಎಷ್ಟಿವೆಯೋ ಎಂದು ಕಣ್ಣು ತುಂಬಿ ಬಂತು.

ಹಾಗೆಂದು ಬಿದ್ದವರನ್ನು ಎತ್ತಬಾರದೆ? ಹರಿದದ್ದಕ್ಕೆ ತೇಪೆ ಹಾಕಬಾರದೆ? ಹಾಕಲೇಬೇಕು. ಗಾಳಿಯ ಗುಳ್ಳೆಗೆ ಆ ಒಂದು ಚುಚ್ಚು ಬೇಕಿತ್ತು, ಬಿಟ್ಟಿದ್ದರೆ ಅದು ಇನ್ನೂ ಹಿಗ್ಗುತ್ತಿತ್ತು. ಎಲ್ಲಿ ಒಂದು ಚುಚ್ಚು ಬೇಕು, ಎಲ್ಲಿ ಬರೀ ಫ್ಯಾನ್ ಸಾಕು ಎಂಬುದನ್ನು ಯಾವ ಪುಸ್ತಕವೂ ಮುಂಚಿತವಾಗಿ ಹೇಳಲಾರದು. ಹಲವು ಕೇಕು ಕೆಟ್ಟ ಮೇಲೆ ಕೈಗೆ ತಿಳಿಯುತ್ತದೆಯೋ ಏನೋ. ಮನುಷ್ಯರ ವಿಷಯದಲ್ಲಿ ಅಷ್ಟು ಸಲ ಕೆಡಿಸುವ ಅವಕಾಶ ನಮಗಿಲ್ಲ ಎಂಬುದೇ ನನ್ನನ್ನು ಹೆದರಿಸುತ್ತದೆ.

ಶಾಂತಿಯ ದಿನ ಸಂಜೆ ಅಮ್ಮನ ಮುಂದೆ ಕೇಕು ಇಟ್ಟೆವು. ನಾನು ಕೆಡಿಸಿದ ಕಡೆಯನ್ನು ಗೋಡೆಗೆ ತಿರುಗಿಸಲಿಲ್ಲ. ಆಕೆ ಕನ್ನಡಕ ಸರಿಮಾಡಿಕೊಂಡು ನೋಡಿ, ಆ ಮಸುಕು ಜಾಗದ ಮೇಲೆಯೇ ಬೆರಳಿಟ್ಟು, "ಚಂದ್ರನಲ್ಲಿ ಮೊಲಾನೂ ಮಾಡಿದೀಯಲ್ಲೇ" ಎಂದಳು. ಚಾಕು ಹಿಡಿದ ಕೈ ನಡುಗುತ್ತಿತ್ತು. ಹಿಡಿಯಲು ನನ್ನ ಕೈ ಮುಂದೆ ಹೋಯಿತು. ಮಗಳು ನನ್ನತ್ತ ನೋಡಿದಳು. ಅಮ್ಮ ಕತ್ತರಿಸಿದ ತುಂಡು ಒಂದು ಬದಿ ದಪ್ಪ, ಒಂದು ಬದಿ ತೆಳ್ಳಗೆ ಬಂತು. ಎಲ್ಲರೂ ತಿಂದರು. ಫಾಂಡೆಂಟಿನ ಸಿಹಿ ಕೆಲವರಿಗೆ ಅತಿಯಾಯಿತು, ಸುಲಿದು ತಟ್ಟೆಯ ಅಂಚಿಗೆ ಸರಿಸಿದರು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಅಡುಗೆಮನೆಯಲ್ಲಿದ್ದಳು. ಯಾರೂ ಮುಟ್ಟದೆ ಉಳಿದಿದ್ದ ಕೇಕಿನ ಹೊದಿಕೆಯನ್ನೆಲ್ಲ ರಾತ್ರಿಯೇ ಸುಲಿದು ಸ್ಟೀಲ್ ಡಬ್ಬಿಯಲ್ಲಿ ಎತ್ತಿಟ್ಟಿದ್ದಳಂತೆ. ಸಂಕ್ರಾಂತಿ ಕಳೆದ ಮೇಲೆ ಉಳಿದ ಸಕ್ಕರೆ ಅಚ್ಚುಗಳನ್ನು ಹೀಗೇ ಎತ್ತಿಟ್ಟು ಪಾಯಸಕ್ಕೆ ಹಾಕುತ್ತಿದ್ದಳು. "ಶ್ಯಾವಿಗೆ ಎಲ್ಲಿಟ್ಟಿದೀಯೇ?" ಎಂದು ಕೇಳಿದಳು. ಇದರಲ್ಲಿ ಗೋಂದು ಇದೆ, ಗ್ಲಿಸರಿನ್ ಇದೆ, ಪಾಯಸಕ್ಕೆ ಆಗುವುದಿಲ್ಲಮ್ಮ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೇಲಿನ ಕಪಾಟಿನಿಂದ ಶ್ಯಾವಿಗೆಯ ಡಬ್ಬಿ ಇಳಿಸಿ ಆಕೆಯ ಪಕ್ಕದಲ್ಲಿಟ್ಟು, ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತೆ. ಒಲೆಯ ಮೇಲೆ ಹಾಲು ಇನ್ನೂ ಕಾಯುತ್ತಿತ್ತು.