ಗೃಹವೃದ್ಧಿ ವಿಚಾರ

ಮನೆಯು ಸಾಲದೆಂಬ ಮಾತು ಎಂದೂ ಹುಟ್ಟದ ಮನೆಯು ದೊರೆಯುವದು ದುರ್ಲಭ. ಮಗನಿಗೆ ಮದುವೆಯಾಗಿ ಸೊಸೆಯು ಬಂದಳೆಂದರೆ, ಮೊಮ್ಮಕ್ಕಳು ಅಂಬೆಗಾಲಿಡತೊಡಗಿದರೆಂದರೆ, ಸುಗ್ಗಿಯ ಚೀಲಗಳು ಪಡಸಾಲೆಯನ್ನು ತುಂಬಿದವೆಂದರೆ, ಗೃಹಸ್ಥನು ಗೋಡೆಗಳ ಕಡೆಗೆ ನೋಡಹತ್ತುವನು. ಎಲ್ಲಕ್ಕೂ ಮೊದಲು ಇಕ್ಕಟ್ಟಾಗುವದು ಅಡಿಗೆಯ ಮನೆಯೇ. ಗೋಡೆಯನ್ನು ಎಲ್ಲಿಗೆ ಸರಿಸಬೇಕೆಂಬುದು ಗೌಂಡಿಯು ಬಿಡಿಸತಕ್ಕ ಪ್ರಶ್ನೆಯೆಂದು ಜನರ ತಿಳಿವಳಿಕೆ. ಆದರೆ ಗೌಂಡಿಯು ದಾರ ಹಿಡಿಯುವದಕ್ಕಿಂತ ಮುಂಚೆ ನಿರ್ಣಯವಾಗಬೇಕಾದ ಪ್ರಶ್ನೆಯೊಂದುಂಟು. ಹೊಸದಾಗಿ ದೊರೆಯುವ ಸ್ಥಳವು ಇಷ್ಟು ದಿನ ಯಾರದಾಗಿತ್ತು?

ಆರನೆಯ ಶತಮಾನದ ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ದೇವರ ಕೋಣೆಯನ್ನು ಈಶಾನ್ಯಕ್ಕೂ, ಅಡಿಗೆಯ ಮನೆಯನ್ನು ಆಗ್ನೇಯಕ್ಕೂ, ಪಾತ್ರೆಪದಾರ್ಥಗಳನ್ನು ನೈಋತ್ಯಕ್ಕೂ, ಧನಧಾನ್ಯಗಳನ್ನು ವಾಯವ್ಯಕ್ಕೂ ಹೇಳಿರುವನು. ಇದರಲ್ಲಿ ಆಗ್ನೇಯದ ಮಾತು ಇಂದು ಮನೆಮನೆಗೂ ಗೊತ್ತು. ದಿಕ್ಸೂಚಿಯನ್ನು ಹಿಡಿದು ಬಂದ ವಾಸ್ತುಜ್ಞನ ಮಾತಿಗೆ ಗಟ್ಟಿಮುಟ್ಟಾದ ಒಲೆಯನ್ನು ಒಡೆದವರೂ ಉಂಟು. ಆದರೆ ಅದೇ ಅಧ್ಯಾಯದಲ್ಲಿ ಗೃಹವೃದ್ಧಿಯನ್ನು ಕುರಿತು ಇರುವ ಮಾತನ್ನು ಕೇಳಿದವರು ವಿರಳ. ಮನೆಯನ್ನು ಬೆಳೆಸುವ ಇಚ್ಛೆಯಿದ್ದರೆ ಸುತ್ತಲೂ ಸಮನಾಗಿ ಬೆಳೆಸಬೇಕು. ಒಂದೇ ಕಡೆಗೆ ಬೆಳೆಸಿದರೆ ದೋಷವು. ಪೂರ್ವಕ್ಕೆ ಬೆಳೆದರೆ ಮಿತ್ರರೊಡನೆ ವೈರ, ದಕ್ಷಿಣಕ್ಕೆ ಮೃತ್ಯುಭಯ, ಪಶ್ಚಿಮಕ್ಕೆ ಅರ್ಥನಾಶ, ಉತ್ತರಕ್ಕೆ ಮನಸ್ತಾಪ. ಹಾಗೂ ಒಂದೇ ಕಡೆಗೆ ಬೆಳೆಸಲೇಬೇಕಾದರೆ ಪೂರ್ವವಾಗಲಿ ಉತ್ತರವಾಗಲಿ ಆಗಬಹುದೆಂದು ಆಚಾರ್ಯನು ಸ್ವಲ್ಪ ಸಡಿಲುಗೊಟ್ಟಿರುವನು. ಅಂದರೆ ಎರಡು ದಿಕ್ಕುಗಳನ್ನು ನಿರ್ದೋಷವೆಂದನೆಂದು ತಿಳಿಯಲಾಗದು. ಸಾವಿಗಿಂತಲೂ ಸರ್ವನಾಶಕ್ಕಿಂತಲೂ ಜಗಳವೂ ಮನೋವ್ಯಥೆಯೂ ಸಹ್ಯವೆಂದು ಎಣಿಸಿದನಷ್ಟೆ.

ದಿಕ್ಕಿನ ಫಲದಲ್ಲಿ ನಂಬುಗೆಯಿಲ್ಲದವನೂ ಈ ಮಾತನ್ನು ಒಮ್ಮೆ ನಿಂತು ಯೋಚಿಸತಕ್ಕದ್ದು. ಮನೆಯು ಬೆಳೆಯುವದೆಂದರೆ ಮತ್ತೊಂದು ಯಾವದೋ ಕುಗ್ಗುವದು. ಓಣಿಗೆ ಒಂದು ಮೊಳ ಹೊರಚಾಚಿದರೆ ಎದುರುಮನೆಯವನ ಬಂಡಿಯು ತಿರುಗದು; ನೆರೆಯವನ ಗೋಡೆಗೆ ಹತ್ತಿಸಿ ಕಟ್ಟಿದರೆ ಮಾಳಿಗೆಯ ನೀರು ಅವನ ಅಂಗಳದಲ್ಲಿ ಬೀಳುವದು. ಮಿತ್ರವೈರಕ್ಕೆ ಇದಕ್ಕಿಂತ ಹೆಚ್ಚಿನ ಗ್ರಹಗತಿಯು ಬೇಕೆ? ಯಾಜ್ಞವಲ್ಕ್ಯಸ್ಮೃತಿಯಲ್ಲಿ ಸೀಮಾವಿವಾದಕ್ಕೆಂದೇ ಒಂದು ಪ್ರಕರಣವಿದ್ದು, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಅದನ್ನು ವಿವರಿಸಿರುವನು. 1993ರ ಪಂಚಾಯತ ರಾಜ್ಯದ ಕಾಯದೆಯು ಹಳ್ಳಿಯಲ್ಲಿ ಕಟ್ಟಡಕ್ಕೆ ಗ್ರಾಮಪಂಚಾಯತಿಯ ಅನುಮತಿ ಬೇಕೆಂದು ವಿಧಿಸಿದ್ದರಲ್ಲಿಯೂ ಇದೇ ಹಳೆಯ ಚಿಂತೆಯು ಉಂಟು. ಆದರೆ ಹೊರಗಿನ ಎಲ್ಲೆಗೆ ಪಂಚಾಯತಿಯುಂಟು, ಕೋರ್ಟು ಉಂಟು. ಮನೆಯೊಳಗಿನ ಎಲ್ಲೆಗೆ ಯಾವ ಪಂಚಾಯತಿ?

ಸಿಂಧನೂರು ತಾಲೂಕಿನ ಸಾಲಗುಂದದಂಥ ಊರಿನ ಒಂದು ಮನೆಯನ್ನು ಮನಸ್ಸಿನೆದುರು ತಂದುಕೊಂಡರೆ ಈ ಪ್ರಶ್ನೆಯು ಸ್ಪಷ್ಟವಾಗುವದು. ಮಣ್ಣಿನ ಮಾಳಿಗೆಯ ಹಳೆಯ ಮನೆ. ದಪ್ಪ ಗೋಡೆ, ಮೇಲೊಂದು ಬೆಳಕಿಂಡಿ, ಮುಂದೆ ಪಡಸಾಲೆ, ಒಳಗೆ ಅಡಿಗೆಯ ಮನೆ. ಅದನ್ನು ಕಟ್ಟಿದ ಕಾಲಕ್ಕೆ ಈ ಸೀಮೆಯು ಜೋಳದ ಸೀಮೆಯಾಗಿತ್ತು. ಜೋಳವು ನೆಲದೊಳಗಿನ ಹಗೇವಿನಲ್ಲಿ ಇರುತ್ತಿತ್ತು. ಅಡಿಗೆಯ ಮನೆಯಲ್ಲಿ ಒಲೆ, ಒರಳು, ಬೀಸುವ ಕಲ್ಲು, ನೀರಿನ ಕೊಡ, ನಾಲ್ಕು ಮಡಕೆ. 1953ರಲ್ಲಿ ತುಂಗಭದ್ರೆಯ ಜಲಾಶಯವು ಸಿದ್ಧವಾಗಿ ಎಡದಂಡೆಯ ಕಾಲುವೆಯ ನೀರು ಈ ಕಡೆಗೆ ಹರಿದ ಮೇಲೆ ಎರೆಯ ಹೊಲಗಳು ಗದ್ದೆಗಳಾದವು, ಭತ್ತವು ಬಂದಿತು, ಹಗೇವುಗಳು ಮುಚ್ಚಿದವು, ಚೀಲಗಳು ಮನೆಯೊಳಕ್ಕೆ ಬಂದವು. ಜೋಳದ ರೊಟ್ಟಿಯಾದರೋ ಬಿಟ್ಟುಹೋಗಲಿಲ್ಲ. ಅದರೊಂದಿಗೆ ಅನ್ನವೂ ಸೇರಿತು. ಒಲೆಯ ಪಕ್ಕದಲ್ಲಿ ಗ್ಯಾಸಿನ ಒಲೆ, ಅದಕ್ಕೊಂದು ಕಟ್ಟೆ, ಸಿಲಿಂಡರು, ಶೀತಕದ ಪೆಟ್ಟಿಗೆ. ಮೂವರಿಗೆ ಸಾಕಾಗಿದ್ದ ಅಡಿಗೆಯ ಮನೆಯಲ್ಲಿ ಇಬ್ಬರು ಸೊಸೆಯಂದಿರು ಒಬ್ಬರಿಗೊಬ್ಬರು ಬೆನ್ನು ತಾಗದೆ ತಿರುಗಲಾರರು.

ಈಗ ಯಜಮಾನನ ಮುಂದೆ ಮೂರು ದಾರಿಗಳು. ಹಿತ್ತಲಿಗೆ ಬೆಳೆಸುವದು ಒಂದು. ಇದು ತೋರುವಷ್ಟು ಸುಲಭವಲ್ಲ. ಎರೆಯ ಮಣ್ಣು ನೀರುಂಡು ಉಬ್ಬುವದು, ಬೇಸಿಗೆಗೆ ಬಿರಿಯುವದು. ಹಳೆಯ ಗೋಡೆಯು ಎಷ್ಟೋ ಮಳೆಗಾಲಗಳನ್ನು ಕಂಡು ತನ್ನ ನೆಲೆಯಲ್ಲಿ ಕುಳಿತಿರುವದು. ಹೊಸ ಗೋಡೆಯು ಇನ್ನು ಕುಳಿತುಕೊಳ್ಳಬೇಕಾದದ್ದು. ಎರಡನ್ನೂ ಬಿಗಿಯಾಗಿ ಬೆಸೆದರೆ ಕೂಡಿದ ಸ್ಥಳದಲ್ಲಿ ಬಿರುಕು ಬಿಡುವದು. ಆದುದರಿಂದ ಬಲ್ಲ ಗೌಂಡಿಯು ಗಟ್ಟಿ ನೆಲವು ಹತ್ತುವವರೆಗೆ ಪಾಯವನ್ನು ತೋಡಿ, ಹಳೆಯದಕ್ಕೂ ಹೊಸದಕ್ಕೂ ನಡುವೆ ಕಿರಿದಾದ ಸಂದನ್ನು ಬಿಡುವನು. ಇದಕ್ಕೆ ಹಣವು ಬೇಕು, ಹಿತ್ತಲೂ ಬೇಕು. ಎರಡನೆಯ ದಾರಿಯು ಪಡಸಾಲೆಯನ್ನು ಕತ್ತರಿಸುವದು. ಆಗ ಬಂದ ಅತಿಥಿಗೂ, ಬಿಸಿಲಿಗೆ ಬಳಲಿ ನೀರು ಕೇಳಲು ಬಂದ ದಾರಿಕಾರನಿಗೂ ಕುಳ್ಳಿರಲು ಎಡೆಯಿರದು. ಮೂರನೆಯದು, ಒಲೆಯ ಗೋಡೆಯ ಆಚೆಗಿರುವ ಸಣ್ಣ ಕೋಣೆಯನ್ನು ಒಳಗೆ ಸೇರಿಸಿಕೊಳ್ಳುವದು. ಆ ಕೋಣೆಯಲ್ಲಿ ಯಜಮಾನನ ತಾಯಿಯು ಮಲಗುವಳು. ಖರ್ಚು ಕಡಿಮೆ, ಒಂದೇ ಗೋಡೆ, ಒಂದೇ ವಾರದ ಕೆಲಸ.

ಸೊಸೆಯಂದಿರ ಬೇಡಿಕೆಯು ಅನ್ಯಾಯವಾದುದಲ್ಲವೆಂಬುದನ್ನು ಮೊದಲು ಒಪ್ಪಬೇಕು. ಗೃಹಸ್ಥನಿಗೆ ಐದು ಹಿಂಸಾಸ್ಥಾನಗಳುಂಟೆಂದು ಮನುಸ್ಮೃತಿಯು ಎಣಿಸಿದೆ: ಒಲೆ, ಅರೆಯುವ ಕಲ್ಲು, ಕಸಬರಿಗೆ, ಒರಳು ಒನಕೆ, ನೀರಿನ ಕೊಡ. ಇವುಗಳಲ್ಲಿ ತಿಳಿಯದೆ ಸಾಯುವ ಕ್ರಿಮಿಕೀಟಗಳ ಪಾಪಕ್ಕಾಗಿಯೇ ಪಂಚಮಹಾಯಜ್ಞಗಳು ವಿಹಿತವಾದವು. ಪಾಪವು ಗೃಹಸ್ಥನದೆಂದು ಶಾಸ್ತ್ರವು ಹೇಳಿತು. ಆದರೆ ಈ ಐದನ್ನೂ ಕೈಯಲ್ಲಿ ಹಿಡಿದವಳು ಗೃಹಿಣಿಯು. ಹೊಗೆಯು ಯಾರ ಕಣ್ಣಿಗೆ, ನೋವು ಯಾರ ಬೆನ್ನಿಗೆ ಎಂಬುದನ್ನು ಸ್ಮೃತಿಕಾರನು ಲೆಕ್ಕದಲ್ಲಿ ಹಿಡಿಯಲಿಲ್ಲ. ಕೀಟದ ಕ್ಲೇಶವನ್ನು ಎಣಿಸಿದ ಧರ್ಮವು ಮನುಷ್ಯರ ಕ್ಲೇಶವನ್ನು ಎಣಿಸಬಾರದೆ?

ಅಡಿಗೆಯವಳ ಹೆಜ್ಜೆಗಳನ್ನು ಎಣಿಸಿ ನೋಡಿದವರು ಪರದೇಶದಲ್ಲಿ ಉಂಟು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ 1926ರಲ್ಲಿ ಮಾರ್ಗರೆಟೆ ಶುಟ್ಟೆ ಲಿಹೋಟ್ಸ್ಕಿ ಎಂಬ ಮಹಿಳೆಯು ರೈಲಿನ ಭೋಜನದ ಡಬ್ಬಿಯ ಮಾದರಿಯಿಂದ ಒಂದು ಅಡಿಗೆಯ ಮನೆಯನ್ನು ಯೋಜಿಸಿದಳು. ಅಗಲವು 1.9 ಮೀಟರು, ಉದ್ದವು 3.4 ಮೀಟರು. ಪ್ರತಿಯೊಂದು ವಸ್ತುವೂ ಕೈಗೆಟುಕುವಲ್ಲಿ. ಸುಮಾರು 10,000 ಮನೆಗಳಲ್ಲಿ ಅದು ಬಂದಿತು. ಶ್ರಮವು ಉಳಿಯಿತೆಂಬುದು ದಿಟವೇ. ಆದರೆ ಅಲ್ಲಿ ಇಬ್ಬರು ನಿಲ್ಲಲಾಗದೆ ಗೃಹಿಣಿಯು ಒಬ್ಬಂಟಿಯಾದಳೆಂದು ಮುಂದೆ ಆಕ್ಷೇಪಗಳು ಬಂದವು. ಒಬ್ಬಳು ರೊಟ್ಟಿ ತಟ್ಟಿ ಮತ್ತೊಬ್ಬಳು ಹಂಚಿನ ಮೇಲೆ ಬೇಯಿಸುವ, ಮಗುವು ಬಾಗಿಲಲ್ಲಿ ಕುಳಿತು ಬಿಸಿ ತುಣುಕಿಗೆ ಕೈಚಾಚುವ ಮನೆಗಳಿಗೆ ಆ ಅಳತೆಯು ಒಗ್ಗದು. ಅಲ್ಲಿಂದ ಕಲಿಯಬೇಕಾದದ್ದು ಆ ಅಳತೆಯಲ್ಲ, ಅಳೆಯುವ ರೀತಿಯು. ಯಜಮಾನನು ಗೌಂಡಿಯನ್ನು ಕರೆಯುವ ಮೊದಲು ಒಂದು ಮುಂಜಾನೆ ಅಡಿಗೆಯ ಮನೆಯಲ್ಲಿ ಕುಳಿತು ನೋಡಲಿ. ಒಂದು ತಂಬಿಗೆ ನೀರಿಗೆ ಎಷ್ಟು ಹೆಜ್ಜೆ, ಒಂದು ಸೇರು ಅಕ್ಕಿಗೆ ಎಷ್ಟು ಸಲ ಬಗ್ಗಬೇಕು ಎಂಬುದು ತಿಳಿದೀತು.

ಹಾಗೆ ಕುಳಿತು ನೋಡಿದವನಿಗೆ ನಾಲ್ಕನೆಯ ದಾರಿಯೊಂದು ಕಾಣುವ ಸಂಭವವುಂಟು. ಅಡಿಗೆಯ ಮನೆಯಲ್ಲಿ ಅಡಿಗೆಗೆ ಬೇಕಾದದ್ದು ಎಷ್ಟು, ಇಡಲು ಬೇರೆ ಸ್ಥಳವಿಲ್ಲವೆಂದು ಇಟ್ಟದ್ದು ಎಷ್ಟು? ಮದುವೆಗೊಮ್ಮೆ ಹೊರಬರುವ ತಾಮ್ರದ ಹಂಡೆಗಳು, ಮಾರದೆ ಉಳಿಸಿದ ಭತ್ತದ ಚೀಲಗಳು, ಕಾಲು ಮುರಿದ ಮಣೆಗಳು. ಪಾತ್ರೆಗೂ ಧಾನ್ಯಕ್ಕೂ ಅಡಿಗೆಗೂ ವರಾಹಮಿಹಿರನು ಬೇರೆ ಬೇರೆ ಮೂಲೆಗಳನ್ನು ಹೇಳಿದ್ದು ದಿಕ್ಕಿನ ಗುಣಕ್ಕಾಗಿಯೇ ಇರಲಿ, ಮೂರನ್ನೂ ಒಂದೆಡೆಯಲ್ಲಿ ತುರುಕಲಾಗದೆಂಬ ವಿವೇಕವಂತೂ ಅದರಲ್ಲಿದೆ. ಚೀಲಗಳು ಹೊರಬಿದ್ದರೆ ಗೋಡೆಯು ಬೀಳದೆಯೂ ಸ್ಥಳವು ದೊರೆತೀತು. ಎಲ್ಲ ಮನೆಗಳಲ್ಲಿಯೂ ಇದರಿಂದಲೇ ಸಾಕಾಗುವದೆಂದು ಹೇಳಲಾಗದು. ಸಾಲದಿದ್ದರೆ ಗೋಡೆಯನ್ನು ಸರಿಸಲೇಬೇಕು.

ಆಗ ಮುದುಕಿಯ ಕೋಣೆಯ ಮಾತು ಮತ್ತೆ ಬರುವದು. ಕೇಳಿದರೆ ಅವಳು ಬೇಡವೆನ್ನಳು. “ನನಗೇನಪ್ಪಾ, ಎಲ್ಲಿಯಾದರೂ ಬಿದ್ದಿರುತ್ತೇನೆ” ಎನ್ನುವಳು. ಮಗನು ಇದನ್ನು ಸಮ್ಮತಿಯೆಂದು ತಿಳಿದು ಮರುದಿನವೇ ಇಟ್ಟಿಗೆಯನ್ನು ತರಿಸುವನು. ಇಲ್ಲವೆನ್ನುವ ಅಧಿಕಾರವಿಲ್ಲದವರು ಹೌದೆಂದದ್ದು ಸಮ್ಮತಿಯಾಗುವದೆ? ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅದೇ ಒಲೆಯ ಹೊಗೆಯನ್ನು ಕುಡಿದವಳು ಅವಳು. ಈಗ ಆ ಒಲೆಯಿಂದ ಅವಳಿಗೆ ಸಲ್ಲುತ್ತಿರುವದು ಗೋಡೆಯ ಬಿಸುಪೊಂದೇ. ಸುತ್ತಲೂ ಸಮನಾಗಿ ಬೆಳೆಸಬೇಕೆಂಬ ಆಚಾರ್ಯನ ಮಾತು ಅಳತೆಯ ಮಾತೆಂಬುದು ನಿಜವು. ಆದರೂ ಮನೆಯೊಳಗಿನವರಿಗೆ ಅದನ್ನು ಅನ್ವಯಿಸಿದರೆ ತಪ್ಪೇನೂ ಆಗದು. ಸೊಸೆಯ ಅಡಿಗೆಯ ಮನೆಯು ನಾಲ್ಕು ಮೊಳ ಬೆಳೆಯುವದಾದರೆ, ಅದೇ ಕೆಲಸದಲ್ಲಿ, ಅದೇ ಹಣದಲ್ಲಿ, ಅತ್ತೆಯ ಹೊರಸಿಗೂ ಬೆಚ್ಚನೆಯ ನಾಲ್ಕು ಮೊಳವು ಎಲ್ಲಿ ಎಂಬುದು ಗೊತ್ತಾಗಬೇಕು. ಗೌಂಡಿಯ ಮೊದಲನೆಯ ಗೂಟವನ್ನು ಅಲ್ಲಿ ಹೊಡೆಸಿ, ಒಲೆಯ ಸ್ಥಳವನ್ನು ಆಮೇಲೆ ಗೊತ್ತುಮಾಡಬಹುದು.